ಹೆಬ್ಬೆರಳು ಮೇಡಂ ಮನೆ ಕೊಂಡದ್ದು

ಆಕೆಯನ್ನು ಮೊದಲ ಸಲ ಕಂಡಾಗ ಯಾವುದೋ ಭಾರಿ ಕುಳ ಎಂದುಕೊಂಡಿದ್ದೆ. ಊರ ತುಂಬ ಮನೆಗಳನ್ನು ಕೊಂಡು ಬಾಡಿಗೆಗೆ ಬಿಟ್ಟು, ಕೂತಲ್ಲೇ ಉಣ್ಣುವ ಪೈಕಿ. ಹಾಗೆ ಎಂದುಕೊಳ್ಳಲು ನನ್ನ ಬಳಿ ಬಲವಾದ ಪುರಾವೆಗಳಿದ್ದವು. ಬಲವಾದ ಪುರಾವೆ ಸಿಕ್ಕಾಗಲೆಲ್ಲ ನಾನು ತಪ್ಪು ತೀರ್ಮಾನಕ್ಕೆ ಬರುತ್ತೇನೆ ಎಂಬುದು ನನ್ನಾಕೆಯ ಅನುಭವ.

ನನ್ನಾಕೆಗೆ ಅವಳ ತಂದೆಯಿಂದ ಬಂದ ಒಂದು ಫ್ಲ್ಯಾಟ್ ಇತ್ತು. ಎರಡು ಕೋಣೆ, ಒಂದು ಅಡುಗೆಮನೆ, ಒಬ್ಬರು ನಿಂತರೆ ಇನ್ನೊಬ್ಬರು ಒಳಗೆ ಬರಬೇಕಾದ ಬಾಲ್ಕನಿ. ಅದನ್ನು ಮಾರುವುದೆಂದು ತೀರ್ಮಾನವಾಯಿತು. ತೀರ್ಮಾನ ಅವಳದು, ಬಂದವರಿಗೆ ಮನೆ ತೋರಿಸುವ ಕೆಲಸ ನನ್ನದು. ನಾನು ಗಾಳಿ ಬೆಳಕಿನ ಕುರಿತು ಒಂದು ಸಣ್ಣ ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದೆ. ಕಿಟಕಿ ತೆರೆಯುವಾಗ ಕೈಯನ್ನು ಹೇಗೆ ಬೀಸಬೇಕು ಎಂಬುದನ್ನೂ ರೂಢಿಮಾಡಿಕೊಂಡಿದ್ದೆ. ಬಂದ ದಂಪತಿಗಳೆಲ್ಲ ಸೋಫಾ ಎಲ್ಲಿಡುವುದು ಎಂದು ಕಿತ್ತಾಡಿಕೊಂಡು ಹೋಗುತ್ತಿದ್ದರು. ನನ್ನ ಭಾಷಣ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಒಂದು ಭಾನುವಾರ ಈಕೆ ಒಬ್ಬಳೇ ಬಂದಳು. ನಲವತ್ತರ ಹತ್ತಿರದ ವಯಸ್ಸು, ಗಟ್ಟಿ ಭುಜ, ನಿದ್ದೆಗೆಟ್ಟ ಕಣ್ಣು. ನಾನು ಕಿಟಕಿ ತೆರೆದೆ. ಆಕೆ ಆ ಕಡೆ ತಿರುಗಲೇ ಇಲ್ಲ. ಚೀಲದಿಂದ ಟಾರ್ಚ್ ತೆಗೆದು ಸಿಂಕಿನ ಕೆಳಗೆ ನುಸುಳಿದಳು. ಎಲ್ಲ ನಲ್ಲಿಗಳನ್ನೂ ಒಟ್ಟಿಗೇ ಬಿಟ್ಟು ನೀರಿನ ಸದ್ದು ಕೇಳುತ್ತ ನಿಂತಳು. ಆಮೇಲೆ ಬಚ್ಚಲಿನ ಗೋಡೆಯನ್ನು ಹೆಬ್ಬೆರಳಿನಿಂದ ಅಷ್ಟಷ್ಟೇ ದೂರಕ್ಕೆ ಒತ್ತುತ್ತ ಹೋದಳು. ಗೋಡೆಗೆ ಎಲ್ಲಿ ನೋವಿದೆ ಎಂದು ಕೇಳುತ್ತಿರುವಂತಿತ್ತು. ಒಂದು ಕಡೆ ಬೆರಳು ನಿಂತಿತು.

"ಒಳಗೆ ಪೈಪ್ ಸೋರ್ತಿದೆ ಸರ್."

ಹಳೇ ಮಳೆಗಾಲದ ತೇವ ಇರಬಹುದು ಎಂದು ನಾನು ತೇಲಿಸಿದೆ. ಅದು ಒಳಗೋಡೆ, ಅಲ್ಲಿಗೆ ಮಳೆ ಹೇಗೆ ಬರುತ್ತದೆ ಎಂದು ಆಕೆ ಕೇಳಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದಳು. ಅದಾದ ಮೇಲೆ ಆಕೆ ಕೇಳಿದ್ದು ಎರಡೇ: ಈ ಕಡೆ ಇಷ್ಟು ಮನೆಗೆ ಬಾಡಿಗೆ ಎಷ್ಟು ಬರುತ್ತೆ, ಬಾಡಿಗೆಯವರು ಬಸ್ಸಿಗೆ ಎಷ್ಟು ದೂರ ನಡೀಬೇಕು. ಚೆನ್ನಾಗಿದೆ ಎಂಬ ಮಾತು ಬಾಯಿಂದ ಬರಲಿಲ್ಲ. ಇಷ್ಟೊಂದು ಅಸಡ್ಡೆ ಇರಬೇಕಾದರೆ ಗಂಟು ದೊಡ್ಡದೇ ಇರಬೇಕು ಎಂದು ಲೆಕ್ಕ ಹಾಕಿ, ಮನಸ್ಸಿನಲ್ಲಿದ್ದ ಬೆಲೆಯನ್ನು ಅಲ್ಲೇ ನಿಂತಲ್ಲೇ ಏರಿಸಿ ಹೇಳಿದೆ. ಯೋಚ್ನೆ ಮಾಡಿ ಹೇಳ್ತೀನಿ ಎಂದು ಹೊರಟುಹೋದಳು.

"ಕಾರಲ್ಲಿ ಬಂದಿದ್ರಾ?" ಎಂದು ನನ್ನಾಕೆ ಕೇಳಿದಳು.

"ಬಸ್ಸಲ್ಲಿ. ನಿಜವಾಗ್ಲೂ ದುಡ್ಡಿರೋರು ಹಾಗೇ ಕಣೆ, ತೋರಿಸ್ಕೊಳ್ಳಲ್ಲ."

"ಹಾಗಾದ್ರೆ ನಾವೂ ಭಾರಿ ಶ್ರೀಮಂತರೇ ಬಿಡಿ" ಎಂದು ಅವಳು ಒಳಗೆ ಹೋದಳು.

ಅದೇ ವಾರ ನನ್ನ ಕತ್ತು ಹಿಡಿದುಕೊಂಡಿತು. ಎಡಕ್ಕೆ ಮಾತ್ರ ತಿರುಗುತ್ತದೆ, ಬಲಕ್ಕೆ ಸುತರಾಂ ಒಲ್ಲೆ ಎನ್ನುತ್ತದೆ. ಬಲಗಡೆ ಕೂತವರ ಮಾತಿಗೆಲ್ಲ ನಾನು ಎದುರಿನ ಗೋಡೆಗೆ ಉತ್ತರ ಕೊಡುತ್ತಿದ್ದೆ. ಆಸ್ಪತ್ರೆಯ ಡಾಕ್ಟರು ನೋಡಿ, ಮಾತ್ರೆ ಬೇಡ, ನೆಲಮಾಳಿಗೆಗೆ ಹೋಗಿ ಫಿಸಿಯೋ ಮಾಡಿಸಿಕೊಳ್ಳಿ ಎಂದರು. ಬಟ್ಟೆ ಒಗೆಯುವ ಯಂತ್ರಗಳ ಪಕ್ಕದಲ್ಲಿ ಆ ಕೋಣೆ. ಪರದೆ ಎಳೆದ ಮಂಚಗಳು, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಶಾಖದ ಚೀಲಗಳು, ನಡೆಯಲು ಕಲಿಯುವ ಮುದುಕರು ಹಿಡಿದುಕೊಳ್ಳುವ ಜೋಡಿ ಸರಳು, ಮೂಲೆಯಲ್ಲಿ ಒಂದು ಕೈ ಕಳೆದುಕೊಂಡ ಪ್ಲಾಸ್ಟಿಕ್ ಅಸ್ಥಿಪಂಜರ. ಅದರ ಭುಜಕ್ಕೆ ಯಾರದೋ ಟವೆಲ್ ನೇತುಬಿದ್ದಿತ್ತು. ನನ್ನನ್ನು ಬೋರಲು ಮಲಗಿಸಿದರು. ಹಿಂದಿನಿಂದ ಒಂದು ಹೆಬ್ಬೆರಳು ಬಂದು ಕತ್ತಿನ ಮೇಲೆ ಅಷ್ಟಷ್ಟೇ ದೂರಕ್ಕೆ ಒತ್ತುತ್ತ ಇಳಿಯಿತು. ಒಂದು ಕಡೆ ನಿಂತಿತು. ಆ ಒತ್ತುವ ರೀತಿಯನ್ನು ನಾನು ಎಲ್ಲೋ ನೋಡಿದ್ದೆ.

"ಮನೆಯವರಲ್ವಾ ಸರ್?" ಎಂದಿತು ಮೇಲಿನಿಂದ ದನಿ.

ಮನೆ ಮಾರುವವನ ಕತ್ತು ಕೊಳ್ಳುವವಳ ಕೈಯಲ್ಲಿ ಸಿಕ್ಕಿತ್ತು. ನಾನಾಗಿದ್ದರೆ ಬೆಲೆಯ ಮಾತು ಎತ್ತಿಯೇ ಬಿಡುತ್ತಿದ್ದೆ. ಆಕೆ ಎತ್ತಲಿಲ್ಲ. ಎರಡನೇ ದಿನವೂ ಎತ್ತಲಿಲ್ಲ. ಮೂರನೇ ದಿನ ಕತ್ತಿಗೆ ಶಾಖ ಕೊಡಿಸಿಕೊಳ್ಳುತ್ತ ನಾನೇ ತಡೆಯಲಾರದೆ, ಆವತ್ತು ಹೇಳಿದ ಬೆಲೆ ಸ್ವಲ್ಪ ಜಾಸ್ತಿ ಆಯಿತೇನೋ ಎಂದು ಗೊಣಗಿದೆ. ಗೊತ್ತು ಸರ್ ಎಂದಳು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಾನು ಏರಿಸಿದ್ದನ್ನೂ ಇಳಿಸಿದಳು, ಸೋರುವ ಪೈಪಿನ ಬಾಬ್ತು ಇನ್ನಷ್ಟನ್ನೂ ಇಳಿಸಿದಳು. ಆ ಪೈಪ್ ಸೋರುವುದು ಅವಳಿಗೆ ಮದುವೆಗೆ ಮುಂಚೆಯಿಂದಲೂ ಗೊತ್ತಿತ್ತಂತೆ.

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಹೆಬ್ಬೆರಳು ಮೇಡಂ ಎನ್ನುತ್ತಿದ್ದರು. ಮಂಚದ ಮೇಲೆ ಬೋರಲು ಬಿದ್ದವನಿಗೆ ಬೇರೆ ಕೆಲಸವಿಲ್ಲ, ಕೇಳಿಸಿಕೊಳ್ಳುವುದು. ಹಾಗೆ ಬಿಡಿಬಿಡಿಯಾಗಿ ಕೇಳಿದ್ದು ಇದು.

ಆಕೆಯ ತಂದೆ ಬೇರೊಂದು ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದವರು. ದಿನವಿಡೀ ಡಾಕ್ಟರುಗಳನ್ನು ಮೇಲೆ ಕೆಳಗೆ ಸಾಗಿಸಿ ಸಾಗಿಸಿ, ತನ್ನ ಮಗಳೂ ಒಂದು ದಿನ ಹೀಗೆ ಗುಂಡಿ ಒತ್ತದೆ ಮೇಲೆ ಹೋಗಬೇಕು ಎಂದು ಅವರ ತಲೆಗೆ ಬಂತು. ಡಾಕ್ಟರಿಕೆಗೆ ಅಂಕ ಸಾಲಲಿಲ್ಲ. ಫಿಸಿಯೋಥೆರಪಿಗೆ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಓದಿಗೆ ಸಾಲ ಸಿಕ್ಕಿತು. ಓದು ಮುಗಿಯಿತು, ಕೆಲಸ ಸಿಗಲಿಲ್ಲ. ಅನುಭವ ಬೇಕು ಎಂದರು. ಅನುಭವ ಕೊಡುವವರು ಸಂಬಳ ಕೊಡಲಿಲ್ಲ. ಅಷ್ಟರಲ್ಲಿ ಬಡ್ಡಿ ಮಾತ್ರ ಯಾರ ಅನುಭವವನ್ನೂ ಕೇಳದೆ ಬೆಳೆಯಿತು. ಕಂತು ತಪ್ಪಿದಾಗ ವಸೂಲಿಯವರು ಫೋನ್ ಮಾಡಿದರು, ಆಮೇಲೆ ಬಾಗಿಲಿಗೇ ಬಂದರು. ತಂದೆ ಬಾಗಿಲಲ್ಲಿ ನಿಂತು, ಆಕೆ ಇಲ್ಲಿಲ್ಲ ಎಂದರು. ಒಳಗೆ ಮಗಳು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು.

ಅಂದಿನಿಂದ ಅದು ಆ ಮನೆಯ ಪದ್ಧತಿಯಾಯಿತು. ಗುರುತಿಲ್ಲದ ನಂಬರಿಗೆ ಫೋನ್ ಎತ್ತುವುದಿಲ್ಲ. ಗುರುತಿಲ್ಲದ ಮುಖಕ್ಕೆ ಆಕೆ ಇಲ್ಲಿಲ್ಲ. ತಂದೆ ಈ ವಿದ್ಯೆಯಲ್ಲಿ ಎಷ್ಟು ಪಳಗಿದರೆಂದರೆ, ಕೆಲಸ ಸಿಕ್ಕಿ ಆಕೆ ಒಂದೂ ಕಂತು ತಪ್ಪದೆ ಕಟ್ಟತೊಡಗಿದ ಮೇಲೂ ಬಿಡಲಿಲ್ಲ. ಆಕೆಯ ಕಾಲೇಜಿನ ಗೆಳತಿಯನ್ನು ಬಾಗಿಲಿನಿಂದಲೇ ಸಾಗಹಾಕಿದ್ದರು. ಒಳ್ಳೆಯ ಕೆಲಸದ ಆದೇಶ ತಂದ ಕೊರಿಯರಿನವನನ್ನೂ ಹಿಂದಕ್ಕಟ್ಟಿದ್ದರು. ಮಗಳು ಎಷ್ಟೋ ಸಲ ಹೇಳಿ ನೋಡಿದಳು. ಮುದುಕರಿಗೆ ಬಾಗಿಲು ತಟ್ಟಿದ ಸದ್ದು ಕೇಳಿದರೆ ಬಾಯಿ ತಾನಾಗಿಯೇ ತೆರೆಯುತ್ತಿತ್ತು.

ಓದಿನ ಸಾಲ ಇನ್ನೂ ತಲೆಯ ಮೇಲಿರುವಾಗ ಮನೆ ಕೊಳ್ಳುವ ಉಸಾಬರಿ ಏಕೆ ಎಂದು ನಿಮಗೆ ಅನ್ನಿಸಬಹುದು. ಬ್ಯಾಂಕಿನವರಿಗೂ ಅನ್ನಿಸಿತು. ಉತ್ತರ ಆಕೆಯ ಹೆಬ್ಬೆರಳಿನ ಬುಡದಲ್ಲಿತ್ತು. ಈ ಕೆಲಸದಲ್ಲಿ ಇರುವವರಿಗೆ ಮೊದಲು ಸವೆಯುವುದು ಅದೇ ಕೀಲು. ನನ್ನ ಕತ್ತು ಒತ್ತಿ ಮುಗಿಸಿದ ಮೇಲೆ ಆಕೆ ಕೈಯನ್ನು ಶಾಖದ ಚೀಲದ ಅಡಿಗೆ ಸೇರಿಸಿಕೊಂಡು ಕೂರುತ್ತಿದ್ದಳು. ನೀರಿನ ಬಾಟಲಿಯ ಮುಚ್ಚಳವನ್ನು ರೋಗಿಗಳ ಕೈಯಲ್ಲಿ ತೆಗೆಸುತ್ತಿದ್ದಳು. ಕೇಳಿದರೆ, ಅದೂ ವ್ಯಾಯಾಮವೇ ಎನ್ನುತ್ತಿದ್ದಳು. ಆಕೆಗಿಂತ ಹಿರಿಯಳಾದ ಇನ್ನೊಬ್ಬಳು ಅದೇ ಕೋಣೆಯ ಬಾಗಿಲಲ್ಲಿ ಚೀಟಿ ಕೊಡುತ್ತ ಕೂತಿದ್ದಳು. ಬೆರಳು ಹೋದ ಮೇಲೆ ಆಸ್ಪತ್ರೆ ಅವಳನ್ನು ಅರ್ಧ ಸಂಬಳಕ್ಕೆ ಅಲ್ಲಿ ಕೂರಿಸಿತ್ತು. ಹೆಬ್ಬೆರಳು ಮೇಡಂ ದಿನಾ ಬೆಳಿಗ್ಗೆ ಆ ಕುರ್ಚಿಯನ್ನು ದಾಟಿಯೇ ಒಳಗೆ ಬರಬೇಕಿತ್ತು. ಕೈ ಆಡುವಷ್ಟು ದಿನದಲ್ಲಿ, ಕೈಯಾಡಿಸದೆ ನಾಲ್ಕು ಕಾಸು ತರುವಂಥದ್ದು ಏನಾದರೂ ಒಂದು ಆಗಬೇಕು. ಸಣ್ಣ ಮನೆ ಕೊಂಡು ಬಾಡಿಗೆಗೆ ಬಿಟ್ಟರೆ, ಮೊದಲಿಗೆ ಬಾಡಿಗೆಯೇ ಅದರ ಕಂತು ಕಟ್ಟುತ್ತದೆ, ಕೊನೆಗೆ ಅಪ್ಪನಿಗೂ ತನಗೂ ಅನ್ನ ಹಾಕುತ್ತದೆ. ಇಷ್ಟೇ ಆಕೆಯ ಹಂಚಿಕೆ.

ಸಾಲ ಕೊಡುವ ಅಧಿಕಾರಿ ಕೆಟ್ಟವನಲ್ಲ. ದುಂಡು ಮುಖ, ಮಾತಿಗೊಮ್ಮೆ ನಿಟ್ಟುಸಿರು. ಮಾರುವವನೆಂದು ನಾನೂ ಒಂದು ದಿನ ಜೊತೆಗೆ ಹೋಗಿದ್ದೆ. ಅವನು ಆಕೆಯ ಸಂಬಳವನ್ನು ಎದುರಿಗಿಟ್ಟುಕೊಂಡು ಅದರಿಂದ ಓದಿನ ಕಂತನ್ನು ಕಳೆದ. ಈಗ ಅಪ್ಪ ಮಗಳು ಇರುವ ಮನೆಯ ಬಾಡಿಗೆಯನ್ನು ಕಳೆದ. ಉಳಿದದ್ದನ್ನು ನೋಡಿ ತಾನೇ ಬೇಸರಪಟ್ಟುಕೊಂಡ. ಮುಂದೆ ಬರಲಿರುವ ಬಾಡಿಗೆಯನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಏಕೆಂದರೆ ಮನೆ ಖಾಲಿ ಬೀಳಬಹುದು. ಆಕೆ ಆ ಮನೆಯಲ್ಲಿ ತಾನೇ ಇರುವುದಿಲ್ಲವಾದ್ದರಿಂದ ಕೈಯಿಂದ ಹಾಕುವ ಹಣವೂ ಹೆಚ್ಚು ಬೇಕು.

"ನೀವೇ ಅಲ್ಲಿ ಇರ್ತೀನಿ ಅಂದ್ರೆ ಸ್ವಲ್ಪ ಸಲೀಸು ಮೇಡಂ."

"ನಾನಿದ್ರೆ ಬಾಡಿಗೆ ಯಾರು ಕೊಡ್ತಾರೆ ಸರ್?"

ಅದಕ್ಕೊಂದು ನಿಟ್ಟುಸಿರು. ಮೊದಲು ಓದಿನ ಸಾಲ ತೀರಿಸಿಕೊಂಡು ಬನ್ನಿ, ಕಣ್ಣು ಮುಚ್ಚಿಕೊಂಡು ಕೊಡೋಣ ಎಂದ. ಆಕೆ ತನ್ನೆರಡು ಕೈಗಳನ್ನೂ ಮೇಜಿನ ಮೇಲಿಟ್ಟಳು. ಬಲಗೈ ಹೆಬ್ಬೆರಳಿನ ಬುಡ ಗಂಟುಕಟ್ಟಿತ್ತು.

"ಅದು ತೀರೋ ಹೊತ್ತಿಗೆ ಇದು ತೀರಿರುತ್ತೆ. ಆಮೇಲೆ ಬಂದ್ರೆ ಸಾಲ ಕೊಡ್ತೀರಾ?"

ಅವನು ಕೈಗಳನ್ನು ನೋಡಿದ. ಸುಳ್ಳು ಹೇಳುವ ಸ್ವಭಾವ ಅವನದಲ್ಲ. "ಕಷ್ಟ" ಎಂದ. ಆಮೇಲೆ, ತನಗೂ ಬಲಭುಜ ಮೇಲೇಳುವುದಿಲ್ಲ, ಏನು ಮಾಡಬಹುದು ಎಂದು ಕೇಳಿದ. ಆಕೆ ಅಲ್ಲೇ ಅವನಿಂದ ಕೈ ಎತ್ತಿಸಿದಳು, ಇಳಿಸಿದಳು, ಗೋಡೆಗೆ ಬೆರಳಿಟ್ಟು ಜೇಡನಂತೆ ಹತ್ತಿಸಿದಳು. ಸಾಲಿನಲ್ಲಿ ನಿಂತವರೆಲ್ಲ ಸಾಲ ಕೊಡುವವನೇ ಗೋಡೆ ಹತ್ತುವುದನ್ನು ಕಂಡು ಕಂಗಾಲಾದರು. ಕೊನೆಗೆ ಅವನು ಅರ್ಜಿ ತೆಗೆದುಕೊಂಡ. ಕೈಯಿಂದ ಹಾಕುವ ಹಣ ಇನ್ನಷ್ಟು ತನ್ನಿ, ನೋಡೋಣ ಎಂದ.

ಆ ಇನ್ನಷ್ಟು ಹಣಕ್ಕಾಗಿ ಆಕೆ ಸಂಜೆ ಹೊತ್ತು ಮನೆಮನೆಗೆ ಹೋಗಿ ಮಂಡಿ, ಸೊಂಟ ಒತ್ತತೊಡಗಿದಳು. ಹೆಬ್ಬೆರಳು ಉಳಿಸಿಕೊಳ್ಳಲು ಮನೆ, ಮನೆ ಕೊಳ್ಳಲು ಹೆಬ್ಬೆರಳು. ಇದರಲ್ಲೊಂದು ವಿಪರ್ಯಾಸವಿದೆ ಎಂದು ನಾನು ಕಂಡುಹಿಡಿದು, ಆಕೆಗೆ ವಿವರಿಸಿಯೂ ಹೇಳಿದೆ. ಆಕೆ, ಉಸಿರು ಒಳಗೆಳ್ಕೊಳ್ಳಿ ಎಂದಳು.

ಈ ನಡುವೆ ಟೈಲ್ಸ್ ಅಂಗಡಿಯವನೊಬ್ಬ ನಮ್ಮ ಮನೆಗೆ ಬಂದ. ಪೂರ್ತಿ ಹಣ ಒಂದೇ ಏಟಿಗೆ ಕೊಡುತ್ತೇನೆ ಎಂದ. ಈ ತಿಂಗಳ ಕೊನೆಯವರೆಗೆ ಕಾಯಿರಿ, ಆ ಹೆಂಗಸಿಗೆ ಸಾಲ ಆಗದಿದ್ದರೆ ನಿಮಗೇ ಎಂದಳು ನನ್ನಾಕೆ. ಅದಕ್ಕಿಂತ ಹೆಚ್ಚು ಕಾಯುವ ಹಾಗೆ ನಾವೂ ಇರಲಿಲ್ಲ, ನಮಗೂ ನಮ್ಮವೇ ಆದ ತಾಪತ್ರಯಗಳಿದ್ದವು. ಇದನ್ನು ಹೆಬ್ಬೆರಳು ಮೇಡಂಗೂ ತಿಳಿಸಿದೆವು. ಸರಿ ಎಂದಳು.

ಮನೆ ಕೊಳ್ಳುವ ಸುದ್ದಿಯನ್ನು ಆಕೆ ತಂದೆಗೆ ಮಾತ್ರ ಹೇಳಿರಲಿಲ್ಲ. ಸಾಲ ಎಂಬ ಶಬ್ದ ಕೇಳಿದರೆ ಮುದುಕರು ಎರಡು ದಿನ ಊಟ ಬಿಡುತ್ತಿದ್ದರು. ಎಲ್ಲ ಮುಗಿದ ಮೇಲೆ ಕೀ ಕೈಗೆ ಕೊಟ್ಟು ಹೇಳಿದರಾಯಿತು ಎಂದಿದ್ದಳು. ಅಲ್ಲೇ ಎಡವಟ್ಟಾದದ್ದು. ಬ್ಯಾಂಕು ಸಾಲ ಕೊಡುವ ಮುಂಚೆ, ಅರ್ಜಿ ಹಾಕಿದವರು ಹೇಳಿದ ವಿಳಾಸದಲ್ಲಿ ನಿಜವಾಗಿ ಇದ್ದಾರೋ ಇಲ್ಲವೋ ನೋಡಲು ಒಬ್ಬನನ್ನು ಕಳಿಸುತ್ತದೆ. ಅವನು ಹೇಳಿ ಬರುವುದಿಲ್ಲ. ಒಂದು ಮಧ್ಯಾಹ್ನ, ಆಕೆ ಯಾರದೋ ಮಂಡಿ ಬಗ್ಗಿಸುತ್ತಿದ್ದ ಹೊತ್ತಿನಲ್ಲಿ, ಅವನು ಕೈಯಲ್ಲೊಂದು ಕಡತ ಹಿಡಿದು ಬಾಗಿಲು ತಟ್ಟಿದ.

ಮುಂದಿನದನ್ನು ತಂದೆಯೇ ಆಮೇಲೆ ನನಗೆ ಹೇಳಿದರು. ಹೇಳುವಾಗಲೂ ಕಸುಬುದಾರನ ಹೆಮ್ಮೆ ಪೂರ್ತಿ ಆರಿರಲಿಲ್ಲ. ಬಂದವನು ಮಗಳ ಹೆಸರು ಹೇಳಿದ. ಇವರು ಆಕೆ ಇಲ್ಲಿಲ್ಲ ಎಂದರು. ಯಾವಾಗ ಬರ್ತಾರೆ ಎಂದ. ಬರಲ್ಲ ಎಂದರು. ಸಾಮಾನ್ಯವಾಗಿ ವಸೂಲಿಯವರು ಇಷ್ಟಕ್ಕೆ ಬೈಯಲು ಶುರುಮಾಡುತ್ತಿದ್ದರು. ಇವನು ಬಹಳ ಸಭ್ಯ, ತಾಳ್ಮೆಯಿಂದ ಇನ್ನಷ್ಟು ಕೇಳಿದ. ಅದರಿಂದ ಮುದುಕರಿಗೆ ಇನ್ನಷ್ಟು ದಿಗಿಲಾಯಿತು. ದೇಶ ಬಿಟ್ಟು ಹೋಗಿ ಬಹಳ ಕಾಲವಾಯಿತು, ಎಲ್ಲಿದ್ದಾಳೋ ಗೊತ್ತಿಲ್ಲ, ನಮಗೂ ಅವಳಿಗೂ ಮಾತಿಲ್ಲ ಎಂದು, ಕಣ್ಣಲ್ಲಿ ನೀರು ಬೇರೆ ತಂದುಕೊಂಡರು. ಅವನು ಸಮಾಧಾನ ಹೇಳಿ, ಎಲ್ಲವನ್ನೂ ಬರೆದುಕೊಂಡು ಹೋದ.

ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಅಪ್ಪ ವರದಿ ಒಪ್ಪಿಸಿದರು.

"ಇವತ್ತು ಮತ್ತೆ ಒಬ್ಬ ಬಂದಿದ್ದ ಕಣಮ್ಮ. ಸಾಗಹಾಕ್ದೆ."

"ಯಾರಪ್ಪ?"

"ಬ್ಯಾಂಕಿನವನು. ಇನ್ನು ಈ ಜನ್ಮದಲ್ಲಿ ಬರಲ್ಲ ಬಿಡು."

ಆಕೆ ಬೈಯಲಿಲ್ಲ. ಚಪ್ಪಲಿ ಹಾಕಿಕೊಂಡೇ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು. ಅಪ್ಪ ನೀರು ತಂದುಕೊಟ್ಟರೆ ಲೋಟ ಹಿಡಿಯಲಾಗದೆ ಎರಡೂ ಅಂಗೈಗಳ ನಡುವೆ ಒತ್ತಿಹಿಡಿದು ಕುಡಿದಳು. ಆಮೇಲೆ ಎಲ್ಲವನ್ನೂ ಹೇಳಿದಳು: ಮನೆ, ಸಾಲ, ಬೆರಳು. ಬೆರಳಿನ ವಿಷಯವೂ ಅವರಿಗೆ ಗೊತ್ತಿರಲಿಲ್ಲ. ಆಕೆ ಅವರಿಂದ ಮುಚ್ಚಿಟ್ಟಿದ್ದಳು, ಅವರು ಆಕೆಯನ್ನು ಊರಿಂದಲೇ ಮುಚ್ಚಿಟ್ಟಿದ್ದರು. ಮುದುಕರು ಆ ರಾತ್ರಿ ಊಟ ಬಿಟ್ಟರು.

ಬ್ಯಾಂಕಿನಲ್ಲಿ ಅರ್ಜಿ ನಿಂತುಹೋಯಿತು. ಅರ್ಜಿದಾರರು ನಾಪತ್ತೆ ಎಂದು ಬರೆದಿತ್ತು. ದಿನಾ ಬೆಳಿಗ್ಗೆ ಆಸ್ಪತ್ರೆಗೆ ಬಂದು ಊರ ಮಂದಿಯ ಸೊಂಟ ಒತ್ತುವ ಹೆಂಗಸು ಕಾಗದದ ಮೇಲೆ ನಾಪತ್ತೆ. ತಿಂಗಳ ಕೊನೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಟೈಲ್ಸ್ ಅಂಗಡಿಯವನು ಆಗಲೇ ಬಚ್ಚಲಿನ ಗೋಡೆ ಅಳೆದುಕೊಂಡು ಹೋಗಿದ್ದ.

ತಂದೆಯನ್ನೇ ಕರೆದುಕೊಂಡು ಬರುತ್ತೇನೆ ಎಂದು ಆಕೆ ಅಧಿಕಾರಿಯನ್ನು ಬೇಡಿಕೊಂಡಳು. ನಾನೂ ಹೋದೆ. ನನ್ನಂಥ ಗಣ್ಯರೊಬ್ಬರು ಪಕ್ಕದಲ್ಲಿದ್ದರೆ ತೂಕ ಬರುತ್ತದೆ ಎಂಬುದು ನನ್ನ ಅಂದಾಜು. ಅಲ್ಲಿನ ಕಾವಲುಗಾರ ನನ್ನನ್ನೇ ತಡೆದು, ಸಾಲ ವಸೂಲಿಗೆ ಬಂದವರು ಆ ಕಡೆ ಕೂರಬೇಕು ಎಂದ.

ಮುದುಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಕೈ ಎರಡನ್ನೂ ಮಂಡಿಗಳ ನಡುವೆ ಸೇರಿಸಿ ಕುರ್ಚಿಯ ತುದಿಯಲ್ಲಿ ಕೂತಿದ್ದರು. ವರ್ಷಗಟ್ಟಲೆ ಬಾಗಿಲಾಚೆ ನಿಲ್ಲಿಸಿದ್ದ ಸಾಲದವರ ಮನೆಗೇ ಬಂದು ಕೂತಿದ್ದರಲ್ಲ. ಅಧಿಕಾರಿ ಮಗಳ ಕಡೆ ಕೈ ತೋರಿಸಿ ಕೇಳಿದ.

"ಇವರು ಯಾರು?"

ಮುದುಕರ ಬಾಯಿ ತೆರೆಯಿತು, ಮುಚ್ಚಿತು. ಅವರು ಮಗಳ ಮುಖ ನೋಡಿದರು.

"ಹೇಳ್ಲಾ?" ಎಂದರು ಮೆಲ್ಲಗೆ.

"ಹೇಳಪ್ಪ."

"ನನ್ನ ಮಗಳು ಸ್ವಾಮಿ." ದನಿ ಇನ್ನೂ ಇಳಿಯಿತು, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ. "ನಮ್ಮ ಮನೇಲೇ ಇರ್ತಾಳೆ. ಎಲ್ಲೂ ಹೋಗಿಲ್ಲ. ಯಾವತ್ತೂ ಹೋಗಿರಲಿಲ್ಲ."

ಅಧಿಕಾರಿ ಬರೆದುಕೊಳ್ಳುವುದನ್ನು ನಿಲ್ಲಿಸಿದ. ಆವತ್ತು ಅವನು ನಿಟ್ಟುಸಿರು ಬಿಡಲಿಲ್ಲ. ಅದೇ ಸಭ್ಯ ಮನುಷ್ಯನನ್ನು ಇನ್ನೊಮ್ಮೆ ಕಳಿಸುತ್ತೇನೆ, ಈ ಸಲ ಬಾಗಿಲು ತೆರೆದು ಒಳಗೆ ಕರೆಯಿರಿ ಎಂದಷ್ಟೇ ಹೇಳಿದ. ಅವನು ಬಂದಾಗ ಮುದುಕರು ಕರೆದದ್ದಷ್ಟೇ ಅಲ್ಲ, ಮಗಳ ಹಾಸಿಗೆ, ಬಟ್ಟೆ, ಹಲ್ಲುಜ್ಜುವ ಬ್ರಷ್ ಎಲ್ಲವನ್ನೂ ತೋರಿಸಿದರಂತೆ. ಅವನು ಸಾಕು ಸಾಕು ಎಂದರೂ ಬಿಡದೆ, ಆಕೆ ಚಿಕ್ಕಂದಿನಲ್ಲಿ ಬಿದ್ದು ಹಣೆ ಒಡೆದುಕೊಂಡ ಹೊಸಿಲನ್ನೂ ತೋರಿಸಿದರಂತೆ.

ಸಾಲ ಆಯಿತು. ಕೇಳಿದಷ್ಟಲ್ಲ. ಕೊರತೆ ಬಿದ್ದದ್ದಕ್ಕೆ ಆಕೆ ಆಸ್ಪತ್ರೆಯ ಸಂಬಳದ ಮೇಲೆ ಮುಂಗಡ ಎತ್ತಿದಳು, ಸಂಜೆಯ ಮನೆಗಳನ್ನು ಇನ್ನೂ ಹೆಚ್ಚಿಸಿಕೊಂಡಳು. ಅಂದರೆ ಬೆರಳಿನ ಆಯಸ್ಸಿನಲ್ಲಿ ಇನ್ನಷ್ಟು ಭಾಗ ಈ ಮನೆಯ ಗೋಡೆಗೆ ಹೋಯಿತು. ಟೈಲ್ಸ್ ಅಂಗಡಿಯವನು ಬೇಜಾರು ಮಾಡಿಕೊಳ್ಳಲಿಲ್ಲ. ಪೈಪ್ ಸರಿಮಾಡಲು ಗೋಡೆ ಒಡೆದರೆ ಟೈಲ್ಸ್ ತನ್ನಲ್ಲೇ ತೆಗೆದುಕೊಳ್ಳಬೇಕು ಎಂದು ಹೇಳಿಕಳಿಸಿದ.

ಕೀ ಕೊಡುವ ದಿನ ಆಕೆ ತಂದೆಯ ಜೊತೆ ಬಂದಳು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓಡಿಬಂದದ್ದು, ಮೈಮೇಲೆ ಆಸ್ಪತ್ರೆಯ ಸಮವಸ್ತ್ರವೇ ಇತ್ತು. ತಂದೆ ಖಾಲಿ ಕೋಣೆಯ ನಡುವೆ ನಿಂತು ಗೋಡೆಗಳನ್ನು ಒಂದೊಂದಾಗಿ ನೋಡಿದರು. ಕಾಲು ನೋವು ಎಂದು ನೆಲದ ಮೇಲೇ ಕೂತರು, ಕೂತಲ್ಲೇ ಅಂಗೈಯಿಂದ ನೆಲ ಸವರಿದರು. ಆಕೆ ಅಡುಗೆಮನೆಯಲ್ಲಿ ನಿಂತು ಕೊಳಾಯಿ ರಿಪೇರಿಯವನಿಗೆ ಫೋನಿನಲ್ಲಿ ಯಾವ ಗೋಡೆ, ಎಷ್ಟು ಎತ್ತರ ಎಂದು ಹೇಳುತ್ತಿದ್ದಳು. ಸೋಮವಾರ ಬಾಡಿಗೆಯವರು ಬರಲಿದ್ದರು, ಗಂಡ ಹೆಂಡತಿ ಮತ್ತು ಒಂದು ಎಳೆಗೂಸು. ಮುಂಗಡ ಕೊಟ್ಟಾಗಿತ್ತು, ಆ ಮುಂಗಡ ಕೊಳಾಯಿಯವನಿಗೆ ಹೋಗಿಯೂ ಆಗಿತ್ತು.

ಇಂಥ ಸಂದರ್ಭದಲ್ಲಿ ನಾಲ್ಕು ಮಾತು ಆಡದಿದ್ದರೆ ನನಗೆ ಸಮಾಧಾನವಿಲ್ಲ. ಗಂಟಲು ಸರಿಮಾಡಿಕೊಂಡು, ಕೀ ಗೊಂಚಲನ್ನು ಸ್ವಲ್ಪ ಎತ್ತರಕ್ಕೆ ಹಿಡಿದು, ಮುಖದ ತುಂಬ ನಗು ತಂದುಕೊಂಡು ಕೇಳಿದೆ:

"ಏನ್ ಮೇಡಂ, ಕೊನೆಗೂ ಸ್ವಂತ ಮನೆ ಅಂತ ಆಯ್ತು. ಹೇಗನ್ನಿಸ್ತಿದೆ ಈ ಮನೆ?"

ಆಕೆ ಕೀಯನ್ನು ಹೆಬ್ಬೆರಳು ತಾಗದ ಹಾಗೆ ಉಳಿದ ಬೆರಳುಗಳಲ್ಲಿ ತೆಗೆದುಕೊಂಡಳು.

"ನನಗೇನ್ ಗೊತ್ತು ಸರ್? ಇರೋರು ಬಾಡಿಗೆಯವರು. ಅವರನ್ನ ಕೇಳಿ."